ಭೀಮನಬೀಡಿನ ಗಂಡುದನಿ

ಭೀಮನಬೀಡಿನ ಗುರುಸ್ವಾಮಿಯ ದನಿಯ ವಿಚಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಅದೇ ಕಾರಣ. ದನಿಯಲ್ಲಿ ದೋಷವೇನೂ ಇರಲಿಲ್ಲ; ಸ್ವಲ್ಪ ಸಣ್ಣಗಿತ್ತು, ಅಷ್ಟೇ. ಗುಂಡ್ಲುಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಫೋನೆತ್ತಿ "ಹಲೋ" ಅಂದರೆ ಸಾಕು, ಆ ಕಡೆಯಿಂದ "ಮೇಡಂ, ಸಾಹೇಬ್ರಿದ್ರೆ ಸ್ವಲ್ಪ ಕೊಡಿ" ಎಂಬ ಮಾತು ಬರುತ್ತಿತ್ತು. ಗುರುಸ್ವಾಮಿ ಒಂದು ದಿನವೂ ಯಾರನ್ನೂ ತಿದ್ದಿದವನಲ್ಲ. ತಿದ್ದುವುದಾದರೂ ಅದೇ ದನಿಯಲ್ಲಿ ತಾನೆ ತಿದ್ದಬೇಕು!

ಅವನ ಹೆಂಡತಿ ತೇಜಸ್ವಿನಿ ಊರಿನ ಅಂಗನವಾಡಿಯಲ್ಲಿ ಟೀಚರು. ಚಾಮರಾಜನಗರದಲ್ಲಿ ಬಸ್ ಡ್ರೈವರಾಗಿ ನಿವೃತ್ತನಾದ ಪುಟ್ಟಬಸಪ್ಪನ ಒಬ್ಬಳೇ ಮಗಳು. ಹಾವು, ಚೇಳು, ತಪಾಸಣೆಗೆ ಬರುವ ಮೇಲಧಿಕಾರಿ, ಯಾವುದಕ್ಕೂ ಹೆದರುವವಳಲ್ಲ. "ನಿಮ್ ದನಿಗೇನಾಗದೆ? ನಾನು ಅಡಿಗೆಮನೇಲಿದ್ರೂ ನಂಗೆ ಕೇಳಿಸ್ತದೆ. ಸಾಕಲ್ಲ" ಅನ್ನುತ್ತಿದ್ದಳು. ಅವಳಿಗೇನೋ ಸಾಕಾಗಿತ್ತು. ಸಾಲದೆ ಹೋದದ್ದು ಮಹದೇವಯ್ಯನ ಟೀ ಅಂಗಡಿಗೆ.

ಈ ಅಂಗಡಿಯಲ್ಲಿ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲೊಂದು ಬೆಳಗಿನಿಂದ ಸಂಜೆಯವರೆಗೆ ಗುಡುಗುತ್ತಲೇ ಇರುತ್ತದೆ. ಅದರಲ್ಲಿ ಬರುವ ನಾಯಕರೆಲ್ಲ ಬಹಳ ನಿಧಾನವಾಗಿ ನಡೆಯುತ್ತಾರೆ. ಗಾಳಿಯಿಲ್ಲದಿದ್ದರೂ ಅವರ ಅಂಗಿ ಹಾರುತ್ತದೆ. ಅವರು ಒಂದು ಮಾತಾಡಿದರೆ ಎದುರಿಗೆ ಬರುತ್ತಿದ್ದ ಲಾರಿ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಇದನ್ನೆಲ್ಲ ನೋಡಿ ನೋಡಿ ಮಹದೇವಯ್ಯನೂ "ಸಕ್ರೆ ಕಮ್ಮಿನಾ?" ಎಂಬುದನ್ನು ಕೊಲೆ ಬೆದರಿಕೆಯ ಧಾಟಿಯಲ್ಲಿ ಕೇಳುವುದನ್ನು ಕಲಿತಿದ್ದ. ಊರಿನ ಗಂಡಸರಿಗೆ ದರ್ಜೆ ಕೊಡುವ ಅಧಿಕಾರವೂ ಅವನದೇ. ಒಳ್ಳೆಯ ಗಂಡಸರಿಗೆ ಬೆಂಚು ಮತ್ತು ಗಾಜಿನ ಲೋಟ. ಉಳಿದವರಿಗೆ ಪೇಪರ್ ಕಪ್ಪು. ಗುರುಸ್ವಾಮಿ ಪೇಪರ್ ಕಪ್ಪು ಹಿಡಿದು ನಿಂತೇ ಕುಡಿಯುತ್ತಿದ್ದ.

ಆ ವರ್ಷ ಅವನು ಮನೆಯ ಹಿಂದಿನ ಹೊಲಕ್ಕೆ ಕಡಲೆಕಾಯಿ ಹಾಕಿದ್ದ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಬಂದವು. ಗುರುಸ್ವಾಮಿ ಬದುವಿನ ಮೇಲೆ ನಿಂತು "ಹೋಯ್, ಓಗಿ... ಓಗಿ ಅತ್ಲಾಗೆ" ಎಂದು ಕೂಗಿದ. ಹಂದಿಗಳಿಗೂ ಬಹುವಚನ! ಅವು ತಲೆಯೆತ್ತಿ ನೋಡಿ, ಊಟ ಮುಗಿಸಿಕೊಂಡೇ ಹೋದವು.

ಮರುದಿನ ಈ ಸಮಾಚಾರ ಕೇಳಿ ಮಹದೇವಯ್ಯ ತೀರ್ಪು ಕೊಟ್ಟ. "ಅಂದಿಗೂ ಗೊತ್ತಾಯ್ತದೆ ಕಣ್ಲಾ, ಎದುರ್ಗಿರೋನು ಗಂಡ್ಸಾ ಅಲ್ವಾ ಅಂತ. ದನಿ ಅಂದ್ರೆ ಇಂಗಿರ್ಬೇಕು ನೋಡು" ಎಂದು ಮೊಬೈಲಿನ ಕಡೆ ಕೈ ತೋರಿಸಿದ. ಮೊಬೈಲಿನಲ್ಲಿ ಒಬ್ಬ ನಾಯಕ ಸುಮ್ಮನೆ ಕೆಮ್ಮಿದ. ಕೆಮ್ಮಿಗೇ ನಾಲ್ಕು ಜನ ಉರುಳಿಬಿದ್ದರು.

ಗುರುಸ್ವಾಮಿಗೆ ಆ ಕೆಮ್ಮು ನಾಟಿತು. ಚಾಮರಾಜನಗರಕ್ಕೆ ಹೋಗಿ ಹಂದಿ ಓಡಿಸುವ ಮೈಕು ತಂದ. ಈ ಸೀಮೆಯ ಹೊಲಗಳಲ್ಲಿ ಅದೇನೂ ಹೊಸದಲ್ಲ. ಬೋಗುಣಿಯಷ್ಟು ಅಗಲದ ಸ್ಪೀಕರು. ಕೆಂಪು ಗುಂಡಿ ಒತ್ತಿ ಮಾತಾಡಿದರೆ ಹಿಡಿದಿಟ್ಟುಕೊಳ್ಳುತ್ತದೆ, ಹಸಿರು ಗುಂಡಿ ಒತ್ತಿದರೆ ಅದನ್ನೇ ಬಿಟ್ಟು ಬಿಟ್ಟು ಕೂಗುತ್ತದೆ. ಬೇರೆಯವರೆಲ್ಲ ನಾಯಿ ಬೊಗಳುವ ಸದ್ದು ಹಾಕಿಕೊಂಡಿದ್ದರು. ಹಂದಿಗಳಿಗೂ ಆ ನಾಯಿಗೂ ಒಳ್ಳೆಯ ಪರಿಚಯವಾಗಿತ್ತು. ತಾನು ಗಂಡಸಿನ ದನಿಯನ್ನೇ ಹಾಕಬೇಕೆಂದು ಗುರುಸ್ವಾಮಿ ನಿಶ್ಚಯಿಸಿದ.

ಉಗ್ರಾಣದ ಬಾಗಿಲು ಹಾಕಿಕೊಂಡ. ಅಂಗಿಯ ಕಾಲರು ಎತ್ತಿದ. ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆಯ ತಳದಿಂದ ದನಿ ತೆಗೆದು, ಕೆಂಪು ಗುಂಡಿ ಒತ್ತಿ ಗುಡುಗಿದ: "ಲೇಯ್! ನನ್ ಎದುರ್ಗೇ ನಿಂತ್ಕತೀಯಾ? ಎಷ್ಟ್ ಸಲ ಯೋಳ್ಬೇಕು ನಿಂಗೆ? ಇವತ್ತು ನಿನ್ ಮೂಳೆ ಮುರೀದೆ ಬುಡಾಕಿಲ್ಲ! ಗಂಡ್ಸು ನಾನು, ಗಂಡ್ಸು!"

ಆ ಎರಡನೆಯ 'ಗಂಡ್ಸು' ಮುಗಿಯುವುದಕ್ಕೂ, ಜಂತೆಯಲ್ಲಿದ್ದ ಹಲ್ಲಿಯೊಂದು ಎತ್ತಿದ ಕಾಲರಿನ ಒಳಕ್ಕೆ ಬೀಳುವುದಕ್ಕೂ ಸರಿಹೋಯಿತು.

"ಅಯ್ಯಯ್ಯಯ್ಯಯ್ಯೋ! ಬ್ಯಾಡಾ! ಬ್ಯಾಡಾ! ಬುಡೂ! ಸತ್ತೇ ಓದೇ ಯವ್ವೋ!"

ಒಗ್ಗರಣೆ ಹಾಕುತ್ತಿದ್ದ ತೇಜಸ್ವಿನಿ ಓಡಿ ಬರುವ ಆತುರದಲ್ಲಿ ಕಾದ ಬಾಣಲೆಗೆ ಕೈ ತಾಗಿಸಿಕೊಂಡಳು. ಬಂದವಳೇ ಹಲ್ಲಿಯನ್ನು ಬರಿಗೈಯಲ್ಲಿ ಹಿಡಿದು ನಡುಮನೆಯ ಕ್ಯಾಲೆಂಡರಿನ ಹಿಂದಕ್ಕೆ ಬಿಟ್ಟು, ಗಂಡನ ಮುಖ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸುಟ್ಟ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಳು. ಈ ಗಲಾಟೆಯಲ್ಲಿ ಕೆಂಪು ಗುಂಡಿಯನ್ನು ಯಾರೂ ಗಮನಿಸಲಿಲ್ಲ. ಅದು ಆ ಚೀರಾಟವನ್ನೂ ಹಿಡಿದಿಟ್ಟುಕೊಂಡಿತ್ತು.

ಸಂಜೆ ಮೈಕನ್ನು ಯಾರೂ ಕದಿಯದಂತೆ ಹೊಲದ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟು, ಹಸಿರು ಗುಂಡಿ ಒತ್ತಿ, ಗುರುಸ್ವಾಮಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಹಂದಿಗಳು ಬಂದವು. ಮೈಕು ಗುಡುಗಿತು. ಹಂದಿಗಳು ಅಗಿಯುತ್ತಲೇ ಆಲಿಸಿದವು. ಹಂದಿಗಳು ಸಿನಿಮಾ ನೋಡುವುದಿಲ್ಲವಲ್ಲ. ಆದರೆ ಆಮೇಲೆ ಬಂತು ನೋಡಿ, ಆ 'ಅಯ್ಯಯ್ಯಯ್ಯೋ'! ಇಡೀ ಹಿಂಡು ಬಾಲ ಎತ್ತಿಕೊಂಡು ಬೇಲಿ ಹಾರಿ, ಹಿಂದೆ ತಿರುಗಿಯೂ ನೋಡದೆ ಓಡಿತು. ನಾಚಿಕೆಯಿಂದ ಅದನ್ನು ಅಳಿಸಿಬಿಡಬೇಕೆಂದುಕೊಂಡಿದ್ದ ಗುರುಸ್ವಾಮಿ, ಬೆಳಿಗ್ಗೆ ಉಳಿದ ಕಡಲೆಕಾಯಿ ಗಿಡ ಒಂದೂ ಅಲುಗದೆ ನಿಂತಿದ್ದನ್ನು ನೋಡಿ ಕೈ ಹಿಂದಕ್ಕೆ ತೆಗೆದ.

ಇನ್ನು ಪಕ್ಕದ ಮನೆಯ ಸಣ್ಣತಾಯಮ್ಮನ ಕಡೆ ಬರೋಣ. ಆ ಮುದುಕಿ ಒಲೆಯ ಮುಂದೆ ಮುದ್ದೆಗೆ ಹಿಟ್ಟು ತೊಳೆಸುತ್ತಿದ್ದಾಗ ಮೊದಲು ಗಂಡಸಿನ ಗದರಿಕೆ ಕೇಳಿತು. ಅದರ ಹಿಂದೆಯೇ ಹೆಂಗಸಿನ ಚೀತ್ಕಾರ. ಬೆಳಗಾದರೆ ತೇಜಸ್ವಿನಿಯ ಕೈಗೆ ಬಟ್ಟೆ.

"ಏನಾಯ್ತವ್ವ ಕೈಗೆ?"

"ಬಾಣಲೆ ತಾಗ್ತು ಕಣತ್ತೆ."

"ಊಂ. ಬಾಣಲೆ" ಎಂದು ಸಣ್ಣತಾಯಮ್ಮ ಅವಳ ತಲೆ ಸವರಿದಳು. "ಎಲ್ಲಾರ್ ಮನೆ ಬಾಣಲೆನೂ ಅಂಗೇ ಕಣವ್ವ."

ಮಾರನೆಯ ಸಂಜೆಯೂ ಅದೇ. ಅದರ ಮಾರನೆಯ ಸಂಜೆಯೂ ಅದೇ. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಗಮನಿಸದೆ ಚರ್ಚೆ ನಡೆಸಿದರು.

"ದಿನಾ ಅದೇ ಒತ್ಗೆ, ಅದೇ ಮಾತು, ಅದೇ ಏಟು!"

"ಗೌರ್ಮೆಂಟ್ ಕೆಲ್ಸದವ್ನಲ್ವಾ, ಟೈಮಿಗೆ ಸರ್ಯಾಗಿ ಮಾಡ್ತನೆ."

"ಭಾನ್ವಾರನಾದ್ರೂ ರಜ ಕೊಡ್ಬಾರ್ದಾ ಪಾಪದೋಳ್ಗೆ!"

ಸುದ್ದಿ ಬಸ್ಸು ಹತ್ತಿತು. ತೆರಕಣಾಂಬಿಯಲ್ಲಿ ಇಳಿಯುವಾಗ ತೇಜಸ್ವಿನಿಯ ಮಣಿಕಟ್ಟು ಮುರಿದಿತ್ತು. ಅಲ್ಲಿಂದ ಮುಂದಕ್ಕೆ ಹೋದಂತೆ ಇಡೀ ತೋಳಿಗೆ ಪಟ್ಟಿ ಬಿತ್ತು. ಚಾಮರಾಜನಗರದ ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಅವಳ ಒಂದು ಕಾಲೂ ಹೋಗಿತ್ತು. ತೇಜಸ್ವಿನಿಯ ಕಿವಿಗೆ ಮಾತ್ರ ಇದು ಬೀಳಲಿಲ್ಲ. ಅವಳು ದಿನಾ ಸಂಜೆ ಮೈಕು ಕೂಗಿದಾಗಲೆಲ್ಲ ನಗುತ್ತ, ಊರಿಗೂ ಅದು ತಮಾಷೆಯೆಂದೇ ತಿಳಿದಿದ್ದಳು.

ಈ ನಡುವೆ ಗಡಿನಾಡ ಗುಡುಗು ಎಂಬ ಯೂಟ್ಯೂಬ್ ಚಾನೆಲ್ಲು ಭೀಮನಬೀಡಿಗೆ ಆಗಮಿಸಿತು. ಅದರ ಮಾಲೀಕ, ಸಂಪಾದಕ, ವರದಿಗಾರ ಮತ್ತು ಕ್ಯಾಮೆರಾಮನ್ ಎಲ್ಲವೂ ಶಶಿಕುಮಾರ ಎಂಬ ಒಬ್ಬನೇ. ಅವನು ಟೀ ಅಂಗಡಿಯ ಮುಂದೆ ನಿಂತು, ಗುರುಸ್ವಾಮಿಯೊಬ್ಬನನ್ನು ಬಿಟ್ಟು ಎಲ್ಲರನ್ನೂ ಮಾತಾಡಿಸಿಕೊಂಡು ಹೋದ.

ಮರುದಿನ ಗುರುಸ್ವಾಮಿ ಟೀಗೆ ಬಂದಾಗ ಸಕ್ಕರೆ ಡಬ್ಬದ ಮುಂದೆ ನಾಯಕರ ಬದಲು ಶಶಿಕುಮಾರ ಗುಡುಗುತ್ತಿದ್ದ. "ಭೀಮನಬೀಡಿನಲ್ಲಿ ಘರ್ಜಿಸಿದ ಗಂಡೆದೆ! ಸಾಧು ಗುಮಾಸ್ತ ಸಿಂಹವಾಗಿದ್ದು ಹೇಗೆ?" ಅದರೊಳಗೆ ಮಹದೇವಯ್ಯ ಕ್ಯಾಮೆರಾಕ್ಕೆ ಮೀಸೆ ತೋರಿಸುತ್ತ ಹೇಳುತ್ತಿದ್ದ: "ಗಂಡ್ಸಾದ್ಮೇಲೆ ಎಂಡ್ರಿಗೆ ಒಂದೇಟು ಎರಡೇಟು ಇದ್ದದ್ದೇ ಕಣಪ್ಪ. ನಾವೇ ಅವ್ನ ತಪ್ ತಿಳ್ಕಂಡಿದ್ದೊ."

ಊರು ಏನು ತಿಳಿದುಕೊಂಡಿದೆ ಎಂಬುದು ಗುರುಸ್ವಾಮಿಗೆ ಆಗ ಗೊತ್ತಾಯಿತು. 'ಅಯ್ಯೋ, ಅದು ಮೈಕು' ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಹದೇವಯ್ಯ ಹೆಗಲ ಮೇಲಿನ ವಸ್ತ್ರದಿಂದ ಬೆಂಚು ಒರೆಸಿ, "ಕೂತ್ಕಳಿ ಗುರುಸ್ವಾಮಣ್ಣ" ಎಂದು ಗಾಜಿನ ಲೋಟವನ್ನು ಅವನ ಕೈಗೇ ಇಟ್ಟ. ಅಣ್ಣ! ಅದೂ ಬಹುವಚನ! ಕಿರುಚಿದ್ದು ಹೆಂಡತಿಯಲ್ಲ ಅಂದರೆ ಮತ್ಯಾರು ಎಂದು ಕೇಳುತ್ತಾರೆ. ಗುರುಸ್ವಾಮಿ ಬಾಯಿ ಮುಚ್ಚಿದ. ಬೆಂಚಿನ ಮೇಲೆ ಕೂತ. ಟೀ ಕುಡಿದ. ಇಲ್ಲಿ ಅವನ ಪರವಾಗಿ ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇಲ್ಲ.

ಮಾರನೆಯ ದಿನವೂ ಕುಡಿದ. ಕಚೇರಿಯಲ್ಲಿ ಸಾಹೇಬರು ಅವನನ್ನು ಕರೆಸುವ ಬದಲು ತಾವೇ ಎದ್ದು ಬಂದು ಫೈಲು ಇಟ್ಟು ಹೋದರು. ಬಸ್ಸಿನಲ್ಲಿ ಕಂಡಕ್ಟರು ಜಾಗ ಮಾಡಿಸಿಕೊಟ್ಟ. ಇಷ್ಟು ವರ್ಷ ಒಳ್ಳೆಯವನಾಗಿದ್ದಾಗ ಸಿಗದಿದ್ದ ಸೀಟು ಹೆಂಡತಿಗೆ ಹೊಡೆಯುತ್ತಾನೆ ಎಂದಾದ ಮೇಲೆ ಸಿಕ್ಕಿತು. ಸೀಟು ಮೆತ್ತಗಿತ್ತು. ಗುರುಸ್ವಾಮಿ ಕಿಟಕಿಯ ಆಚೆ ನೋಡುತ್ತ ಒಂದು ಸಲ ಕೆಮ್ಮಿಯೂ ನೋಡಿದ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಆಟೋ ನಿಂತಿತು. ಅದರಿಂದ ಮೊದಲು ಮೀಸೆ ಇಳಿಯಿತು, ಆಮೇಲೆ ಮಾವ ಪುಟ್ಟಬಸಪ್ಪ ಇಳಿದ. ಅವನ ಹಿಂದೆ ಠಾಣೆಯ ಕಾನ್‌ಸ್ಟೇಬಲ್ ಕುಮಾರಿ. ಇವರಿಬ್ಬರ ಹಿಂದೆ ಮೊಬೈಲು ಸಿಕ್ಕಿಸಿದ ಕೋಲು ಹಿಡಿದ ಶಶಿಕುಮಾರ. ಅವನ ಹಿಂದೆ ಮಹದೇವಯ್ಯನನ್ನೂ ಸಣ್ಣತಾಯಮ್ಮನನ್ನೂ ಸೇರಿಸಿ ಇಡೀ ಬೀದಿ.

"ಎಲ್ಲವ್ನೆ ಅವ್ನು? ಆಚೆಗ್ ಬರೇಳಿ!" ಪುಟ್ಟಬಸಪ್ಪ ಅಬ್ಬರಿಸಿದ. ಬಾಗಿಲಿಗೆ ಬಂದ ಅಳಿಯನ ಕೊರಳಪಟ್ಟಿ ಹಿಡಿದು, "ನನ್ ಮಗ್ಳ ಕಾಲ್ ಏನ್ಲಾ ಮಾಡ್ದೆ?" ಎಂದ.

ಅಷ್ಟರಲ್ಲಿ ಮಗಳು ನೀರಿನ ಬಿಂದಿಗೆ ಹೊತ್ತು ಎರಡೂ ಕಾಲಲ್ಲಿ ನಡೆದು ಬಂದಳು. "ಏನಪ್ಪಾ, ಫೋನೂ ಮಾಡ್ದೆ ಬಂದ್ಬುಟ್ಟೆ?"

ಪುಟ್ಟಬಸಪ್ಪ ಅವಳ ಕಾಲುಗಳನ್ನು ಎರಡೆರಡು ಸಲ ನೋಡಿದ. ಕುಮಾರಿ ಮುಂದೆ ಬಂದು ಮೆತ್ತಗೆ ಕೇಳಿದಳು: "ಹೆದರ್ಬೇಡಿ ಮೇಡಂ. ನಿಜ ಹೇಳಿ. ಹೊಡೀತಾರಾ?"

"ಯಾರು?"

"ನಿಮ್ಮ ಯಜಮಾನ್ರು."

ತೇಜಸ್ವಿನಿ ಬಿಂದಿಗೆ ಇಳಿಸಿ ನಗತೊಡಗಿದಳು. "ನಗ್ತಾಳೆ ನೋಡಿ ಪಾಪ, ಅಷ್ಟ್ ಎದರ್ಸವ್ನೆ" ಎಂದು ಸಣ್ಣತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮತ್ತೆ ದಿನಾ ಸಂಜೆ ಕಿರುಚೋದ್ಯಾರು?" ಎಂದಳು ಕುಮಾರಿ.

"ಅದಾ? ಯೋಳಿ ಅವ್ರಿಗೆ" ಎಂದು ತೇಜಸ್ವಿನಿ ನಗುತ್ತಲೇ ಗಂಡನ ಕಡೆ ತಿರುಗಿದಳು.

ಗುರುಸ್ವಾಮಿ ಹೇಳಲಿಲ್ಲ. ಗುಂಪಿನ ನಡುವೆ ಮಹದೇವಯ್ಯ ಕಂಡ, ಅವನ ಪಕ್ಕ ಟೀ ಅಂಗಡಿಯ ಬೆಂಚಿನವರೆಲ್ಲ ಕಂಡರು, ಶಶಿಕುಮಾರನ ಮೊಬೈಲಿನ ಕಣ್ಣು ಕಂಡಿತು. ತೇಜಸ್ವಿನಿಯ ನಗು ನಿಧಾನವಾಗಿ ಇಳಿಯಿತು. ಅವಳು ಗಂಡನ ಮುಖವನ್ನೇ ನೋಡುತ್ತ ನಿಂತಳು.

"ನೋಡ್ದ್ರಾ, ಬಾಯೇ ಬರಾಕಿಲ್ಲ! ನಡಿ ಮಗ, ಬಟ್ಟೆ ತಗ. ಇನ್ನು ಈ ಮನೇಲಿ ನೀನಿರಾದು ಬ್ಯಾಡ" ಎಂದ ಪುಟ್ಟಬಸಪ್ಪ.

"ನಾನು" ಎಂದ ಗುರುಸ್ವಾಮಿ.

"ಏನು?"

"ಕಿರುಚಿದ್ದು ನಾನು."

ಶಶಿಕುಮಾರ ಕೋಲನ್ನು ಹತ್ತಿರ ತಂದ. "ಸ್ವಲ್ಪ ಜೋರಾಗಿ ಸಾರ್, ಆಡಿಯೋ ಬರ್ತಿಲ್ಲ."

ಗುರುಸ್ವಾಮಿ ಹೊಲಕ್ಕೆ ಓಡಿ, ಮೆದೆಯೊಳಗಿಂದ ಮೈಕು ತಂದು ಹಸಿರು ಗುಂಡಿ ಒತ್ತಿದ. ಮೈಕು ಗುಡುಗಿತು, ಆಮೇಲೆ ಚೀರಿತು. ಇಷ್ಟರಿಂದ ಎಲ್ಲ ಬಗೆಹರಿಯುತ್ತದೆ ಎಂದು ಅವನು ನಂಬಿದ್ದ.

"ವೀಕ್ಷಕರೇ!" ಶಶಿಕುಮಾರನ ದನಿ ನಡುಗಿತು. "ಈತ ಹೊಡೆಯುವುದಲ್ಲದೆ ಅದನ್ನು ರೆಕಾರ್ಡ್ ಕೂಡ ಮಾಡಿಟ್ಟುಕೊಂಡಿದ್ದಾನೆ! ಈತ ಗಂಡನೋ, ಗಂಡಾಂತರವೋ?"

"ಅದು ಅವ್ರದೇ ದನಿ ಕಣ್ರೀ" ಎಂದಳು ತೇಜಸ್ವಿನಿ.

"ಗಂಡುನ್ನ ಬುಟ್ಕೊಡಾಕಿಲ್ಲ, ಮಾತಾಯಿ" ಎಂದು ಸಣ್ಣತಾಯಮ್ಮ ಮತ್ತೆ ಕಣ್ಣೊರೆಸಿಕೊಂಡಳು. ಏಟು ತಿಂದವಳೆಂದು ತೇಜಸ್ವಿನಿಯನ್ನು ಕರುಣೆಯಿಂದ ನೋಡುತ್ತಿದ್ದ ಅಷ್ಟು ಜನರಲ್ಲಿ ಅವಳ ಮಾತನ್ನು ನಂಬುವವರು ಒಬ್ಬರೂ ಇರಲಿಲ್ಲ.

"ಗಂಡ್ಸಿನ ಗಂಟ್ಲಲ್ಲಿ ಆ ದನಿ ಬರಾಕೆ ಸಾಧ್ಯನೇ ಇಲ್ಲ" ಎಂದು ಮಹದೇವಯ್ಯ ತಜ್ಞನಾಗಿ ಅಭಿಪ್ರಾಯಪಟ್ಟ.

ಕುಮಾರಿ ಟೋಪಿ ಸರಿಮಾಡಿಕೊಂಡಳು. "ಸರಿ ಸಾರ್. ಹಾಗಾದ್ರೆ ಈಗ ಕಿರುಚಿ. ಎರಡನ್ನೂ ಹೋಲಿಸಿ ನೋಡ್ತೀನಿ."

ಗುರುಸ್ವಾಮಿ ಉಸಿರೆಳೆದುಕೊಂಡ. ಬಸ್ಸಿನಲ್ಲಿ ಕೂತು ಗಂಟಲಿಗೆ ಕೊಟ್ಟ ತರಬೇತಿ ಅದೇ ಗಳಿಗೆಯಲ್ಲಿ ಕೈಕೊಟ್ಟಿತು. ಬಂದದ್ದು ನಾಯಕನ ಕೆಮ್ಮು. ಇನ್ನೊಮ್ಮೆ ಪ್ರಯತ್ನಿಸಿದ. "ಪುಸ್" ಎಂದಿತು.

"ಇದು ಏರ್ ಬ್ರೇಕು" ಎಂದ ಪುಟ್ಟಬಸಪ್ಪ, ಸರ್ವೀಸಿನ ಅನುಭವದಿಂದ.

"ಒಂದ್ನಿಮಿಷ" ಎಂದು ತೇಜಸ್ವಿನಿ ಒಳಗೆ ಹೋದಳು. ಕ್ಯಾಲೆಂಡರು ಸರಿದಾಡಿದ ಸದ್ದಾಯಿತು. ಮುಷ್ಟಿ ಮುಚ್ಚಿಕೊಂಡು ಬಂದವಳು ಗಂಡನ ಹಿಂದೆ ನಿಂತು, ಕಾಲರು ಎತ್ತಿ, ಮುಷ್ಟಿ ಬಿಚ್ಚಿದಳು.

"ಅಯ್ಯಯ್ಯಯ್ಯಯ್ಯೋ! ಬ್ಯಾಡಾ! ಬ್ಯಾಡಾ! ಬುಡೂ! ಸತ್ತೇ ಓದೇ ಯವ್ವೋ!"

ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಶಶಿಕುಮಾರನ ಕೋಲು ಚರಂಡಿಗೆ ಬಿತ್ತು. ತೇಜಸ್ವಿನಿ ಹಲ್ಲಿಯನ್ನು ಮತ್ತೆ ಹಿಡಿದು, "ನಮ್ ಕ್ಯಾಲೆಂಡ್ರು ಇಂದ್ಗಡೆ ಹಲ್ಲಿ ಇದು" ಎಂದು ಎಲ್ಲರಿಗೂ ತೋರಿಸಿ ಒಳಗೆ ಬಿಟ್ಟುಬಂದಳು. ಕುಮಾರಿ ಮೈಕಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಕೇಳಿ, ತಲೆಯಾಡಿಸಿ, "ಇವ್ರೇ" ಎಂದಳು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಕುಮಾರಿಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಜನರ ಕಡೆ ತಿರುಗಿದಳು.

"ಒಂದ್ ಮಾತು ಹೇಳಿ. ಹೆಂಗಸು ಕಿರುಚ್ತಿದಾಳೆ ಅಂತಾನೇ ಇಷ್ಟು ದಿನ ಎಲ್ರೂ ಕೇಳಿಸ್ಕೊಂಡು ಕೂತಿದ್ರಲ್ಲ, ಒಬ್ರಾದ್ರೂ ಬಂದು ಈ ಬಾಗ್ಲು ತಟ್ಟಿದ್ರಾ?"

ಎಲ್ಲರಿಗೂ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಯಿತು.

ಪುಟ್ಟಬಸಪ್ಪ ಮಾತ್ರ ಜಗಲಿಯ ಮೇಲೆ ಕುಸಿದು ಕೂತಿದ್ದ. "ಹಲ್ಲಿಗಾ? ನನ್ನಳಿಯ ಹಲ್ಲಿಗಾ ಅಂಗೆ ಕಿರುಚಾದು? ಥೂ, ಮೀಸೆ ಒತ್ಕಂಡು ಊರಲ್ಲಿ ಎಂಗ್ ತಿರ್ಗಾಡ್ಲಿ?"

"ಅಪ್ಪಾ" ಎಂದಳು ತೇಜಸ್ವಿನಿ, "ಮಗಳು ಕಿರುಚ್ಲಿಲ್ಲ ಅಂತ ಸಮಾಧಾನ ಆಯ್ತಾ ನಿಂಗೆ, ಇಲ್ಲಾ ಅಳಿಯ ಕಿರುಚ್ದ ಅಂತ ಬೇಜಾರಾಯ್ತಾ? ಯಾವ್ದಾದ್ರೂ ಒಂದ್ ಯೋಳು."

ಪುಟ್ಟಬಸಪ್ಪ ಮೀಸೆ ಮುಟ್ಟಿಕೊಂಡ. "ಒಂದ್ ಲೋಟ ಕಾಪಿ ಕೊಡವ್ವ" ಎಂದ.

ಕಾಫಿಗೆ ನೀರಿಟ್ಟು ಅಡಿಗೆಮನೆಯಲ್ಲಿ ನಿಂತಿದ್ದ ಹೆಂಡತಿಯ ಹಿಂದೆ ಗುರುಸ್ವಾಮಿ ಬಂದು ನಿಂತ. ಅವಳು ತಿರುಗದೆಯೇ ಕೇಳಿದಳು. "ಜನ ಇಂಗಂತವ್ರೆ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಊಂ."

"ಗೊತ್ತಿದ್ದೂ ಸುಮ್ಕಿದ್ರಾ?"

"ಗಾಜಿನ ಲೋಟದಲ್ಲಿ ಟೀ ಕೊಡ್ತಿದ್ರು" ಎಂದ ಗುರುಸ್ವಾಮಿ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಅನ್ನಿಸಿತು.

ತೇಜಸ್ವಿನಿ ನಗಲಿಲ್ಲ. "ನಂಗೆ ಬೇಜಾರಾಗದೆ" ಎಂದಳು. "ನೀವು ಹಲ್ಲಿಗೆ ಕಿರುಚಿದ್ದಕ್ಕಲ್ಲ. ನಾನು ಏಟ್ ತಿಂತೀನಿ ಅಂತ ಊರು ಕೊಟ್ಟ ಟೀನ ನೀವು ಕುಡುದ್ರಲ್ಲ, ಅದ್ಕೆ. ನಾಳೆ ಓಗಿ ಆ ಮರ್ವಾದೆನ ವಾಪಸ್ ಕೊಟ್ಬುಟ್ಟು ಬನ್ನಿ."

ಗುರುಸ್ವಾಮಿಗೆ ಕಾಲರಿನೊಳಗೆ ಹಲ್ಲಿ ಬಿದ್ದಾಗಲೂ ಅಷ್ಟು ಸಂಕಟವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೈಕನ್ನು ಚೀಲಕ್ಕೆ ಹಾಕಿಕೊಂಡು ಟೀ ಅಂಗಡಿಗೆ ಹೋದ. ಸಕ್ಕರೆ ಡಬ್ಬದ ಮುಂದೆ ಶಶಿಕುಮಾರನ ಹೊಸ ವಿಡಿಯೋ ಓಡುತ್ತಿತ್ತು. "ಹಲ್ಲಿಗೆ ಎದೆಯೊಡ್ಡಿದ ಗಂಡೆದೆ!" ಪಾಪ, ಆ ಚಾನೆಲ್ಲಿನ ಹತ್ತಿರ ಇದ್ದದ್ದು ಅದೊಂದೇ ಪದ. ಗುರುಸ್ವಾಮಿ ಕೈ ಚಾಚಿ ಮೊಬೈಲನ್ನು ಬೋರಲು ಹಾಕಿದ. ಅಂಗಡಿ ಇಷ್ಟು ನಿಶ್ಶಬ್ದವಾಗಿದ್ದನ್ನು ಯಾರೂ ನೋಡಿರಲಿಲ್ಲ.

"ನನ್ನೆಂಡ್ರಿಗೆ ನಾನು ಯಾವತ್ತೂ ಒಡ್ದಿಲ್ಲ" ಎಂದ ಗುರುಸ್ವಾಮಿ, ದೇವರು ಕೊಟ್ಟ ತನ್ನ ಸಣ್ಣ ದನಿಯಲ್ಲೇ. "ಒಡೀತೀನಿ ಅಂತ ನೀವು ಮರ್ವಾದೆ ಕೊಟ್ರಿ, ನಾನೂ ತಗಂಡೆ. ಇಬ್ರುದೂ ತಪ್ಪು. ಕಿರುಚಿದ್ದು ನಾನೇ. ಇನ್ನೊಂದ್ಸಲ ಹಲ್ಲಿ ಬಿದ್ರೂ ಅಂಗೇ ಕಿರುಚ್ತೀನಿ. ಪೇಪರ್ ಕಪ್ಪಲ್ಲಿ ಒಂದ್ ಟೀ ಕೊಡಿ."

ಮಹದೇವಯ್ಯ ಪೇಪರ್ ಕಪ್ಪಿನಲ್ಲಿ ಟೀ ಕೊಟ್ಟ. ಬೆಂಚಿನವರು ತಲೆ ತಗ್ಗಿಸಿ ಕುಡಿದು, ಒಬ್ಬೊಬ್ಬರಾಗಿ ಎದ್ದು ಹೋದರು. ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಮಹದೇವಯ್ಯ ಹತ್ತಿರ ಬಂದ.

"ಅಂದಿ ಬರದು ನಿಂತೋಗದಾ?"

"ಒಂದೂ ಇಲ್ಲ."

"ನನ್ ಗೆಣಸಿನ ಒಲನೆಲ್ಲ ಅಗ್ದಾಕ್ಬುಟ್ಟವೆ ಕಣಪ್ಪ." ಅವನ ಕಣ್ಣು ಚೀಲದ ಮೇಲಿತ್ತು. "ಆ ಮೈಕ ಒಸಿ ಕೊಟ್ಟೀಯಾ? ನಿನ್ ದನಿ ಬ್ಯಾಡ, ಎಲ್ರಿಗೂ ಗೊತ್ತಾಗೋಗದೆ. ನಂದೇ ಆಕ್ಕತೀನಿ."

ಮಹದೇವಯ್ಯ ಮೈಕು ತೆಗೆದುಕೊಂಡು ಅಂಗಡಿಯ ಹಿಂದಿನ ಸೌದೆ ಕೋಣೆಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡ. ಒಳಗಿಂದ "ಲೇಯ್!" ಎಂಬ ಗುಡುಗು ಬಂತು. ಒಂದು ಕೆಮ್ಮು. ಮತ್ತೆ "ಲೇಯ್!" ಆಮೇಲೆ ಶಾಲೆಯ ಪಾಠ ಓದುವ ಹಾಗೆ "ಅಯ್ಯೋ. ಬೇಡ. ಬುಡು" ಎಂಬ ಮೂರು ಮಾತು. ಹೊರಗೆ ಗುರುಸ್ವಾಮಿ ಆತುರವಿಲ್ಲದೆ ಟೀ ಮುಗಿಸಿದ.

ಬಾಗಿಲು ತೆರೆಯಿತು. ಬೆವರಿದ ಮಹದೇವಯ್ಯ ಬೀದಿಯ ಆ ತುದಿ ಈ ತುದಿ ನೋಡಿದ. ಗಾಜಿನ ಲೋಟವೊಂದನ್ನು ತೊಳೆದು, ಟೀ ತುಂಬಿಸಿ, ಗುರುಸ್ವಾಮಿಯ ಮುಂದಿಟ್ಟು, ಅವನಿಗಿಂತಲೂ ಸಣ್ಣ ದನಿಯಲ್ಲಿ ಕೇಳಿದ:

"ನಿಮ್ಮನೆ ಕ್ಯಾಲೆಂಡ್ರು ಇಂದ್ಗಡೆ ಆ ಹಲ್ಲಿ... ಇನ್ನೂ ಅದಾ?"